ನಾಲ್ಕು ಕಣಿವೆ, ಒಂದೇ ರಜೆ: ಹಿಮಾಲಯದಲ್ಲಿ ಎಲ್ಲಿಗೆ ಹೋಗೋಣ?

ಫೆಬ್ರವರಿ ಬಂತೆಂದರೆ ಸಾಕು, ಪರಿಚಯದವರಿಂದ ಫೋನ್ ಶುರುವಾಗುತ್ತದೆ. "ಈ ಸಲ ಹಿಮಾಲಯಕ್ಕೆ ಹೋಗಲೇಬೇಕು ಅಂತಿದ್ದೇವೆ. ಸ್ಪಿತಿನಾ, ಹೂವಿನ ಕಣಿವೆನಾ? ಹರ್ ಕಿ ದೂನ್ ಅಂತಲೂ ಹೇಳ್ತಾರೆ. ತೀರ್ಥನ್ ಹೇಗೆ?" ಈ ನಾಲ್ಕೂ ಕಣಿವೆಗಳನ್ನು ನೋಡಿ ಬಂದವಳು ಅಂತ ನನ್ನನ್ನು ಕೇಳುತ್ತಾರೆ. ನಾಲ್ಕೂ ಚೆನ್ನಾಗಿವೆ. ಆದರೆ ನಾಲ್ಕೂ ಎಲ್ಲರಿಗೂ ಆಗುವುದಿಲ್ಲ, ಎಲ್ಲ ತಿಂಗಳಿಗೂ ಆಗುವುದಿಲ್ಲ. ಫೋಟೋ ನೋಡಿ ಜಾಗ ಆರಿಸಿಕೊಂಡು, ಆಮೇಲೆ ರಜೆಯನ್ನೂ ಮನೆಯವರನ್ನೂ ಅದಕ್ಕೆ ಹೊಂದಿಸಲು ಹೋದವರೇ ಜಾಸ್ತಿ ಕಷ್ಟಪಟ್ಟಿದ್ದಾರೆ. ಹಾಗಾಗಿ ಮೊದಲು ನಿಮ್ಮ ಕಡೆಯ ಲೆಕ್ಕ ನೋಡೋಣ, ಕಣಿವೆಗಳ ಮಾತು ಆಮೇಲೆ.

ಮೊದಲನೆಯದು ದಿನಗಳು. ಬೆಂಗಳೂರಿನ ಮನೆ ಬಾಗಿಲಿನಿಂದ ಮತ್ತೆ ಮನೆ ಬಾಗಿಲಿಗೆ ಎಷ್ಟು ದಿನ? ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗದ ಕಡೆಯವರು ಇನ್ನೊಂದು ದಿನ ಸೇರಿಸಿಕೊಳ್ಳಿ. ಬಂದ ಲೆಕ್ಕದಲ್ಲಿ ಒಂದು ದಿನವನ್ನು ಖಾಲಿ ಬಿಡಿ. ಆ ದಿನಕ್ಕೆ ಯಾವ ಊರೂ ಬೇಡ, ಯಾವ ಪ್ಲಾನೂ ಬೇಡ. ಬೆಟ್ಟದ ರಸ್ತೆಯಲ್ಲಿ ಮಣ್ಣು ಜರಿದು ನಿಂತಾಗ, ಜೊತೆಯಲ್ಲಿ ಬಂದವರಿಗೆ ತಲೆನೋವು ಬಂದಾಗ ನಿಮ್ಮನ್ನು ಕಾಯುವುದು ಅದೊಂದೇ. ಖಾಲಿ ದಿನ ಹೊಂದಿಸಲು ಆಗದಿದ್ದರೆ ಆ ಕಣಿವೆ ಈ ಸಲ ನಿಮ್ಮದಲ್ಲ ಅಂತಲೇ ತಿಳಿಯಿರಿ. ಈ ಒಂದು ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಎರಡನೆಯದು ತಿಂಗಳು. ನಮ್ಮಲ್ಲಿ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್-ಮೇ ಮತ್ತು ದಸರಾದಲ್ಲಿ. ಹೂವಿನ ಕಣಿವೆಯಲ್ಲಿ ಹೂ ಇರುವುದು ಜುಲೈ-ಆಗಸ್ಟ್‌ನಲ್ಲಿ. ಮನಾಲಿ ಕಡೆಯಿಂದ ಸ್ಪಿತಿಗೆ ಹೋಗುವ ದಾರಿ ತೆರೆಯುವುದು ಸಾಮಾನ್ಯವಾಗಿ ಜೂನ್‌ನಲ್ಲಿ. ಇಷ್ಟು ತಿಳಿದರೆ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ಮೂರನೆಯದು ಎತ್ತರ. ಎಷ್ಟು ಎತ್ತರ ಹತ್ತುತ್ತೀರಿ ಅನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಅನ್ನುವುದು ಮುಖ್ಯ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿಯ ತುದಿ, 1,930 ಮೀಟರ್. ಹರ್ ಕಿ ದೂನ್‌ಗೆ ಹೊರಡುವ ಸಾಂಕ್ರಿ ಎಂಬ ಊರು ಇರುವುದೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿ. ಸ್ಪಿತಿಯ ಕಾಜಾ ಅದರ ಹತ್ತಿರ ಹತ್ತಿರ ಎರಡರಷ್ಟು. ಅಲ್ಲಿ ಗಾಳಿ ತೆಳು. ಜಿಮ್‌ಗೆ ಹೋಗುವವರು, ಮ್ಯಾರಥಾನ್ ಓಡುವವರು ಅಂತ ಅದು ನೋಡುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಏರದೆ ಅಲ್ಲೇ ತಂಗಬೇಕು ಎಂಬುದು ಪರ್ವತ ವೈದ್ಯರ ಲೆಕ್ಕ.

ಇನ್ನು ಉಳಿದವು ನಿಮಗೇ ಗೊತ್ತಿರುವಂಥವು. ಯಾರು ಜೊತೆಗೆ ಬರುತ್ತಾರೆ, ಅವರ ಮಂಡಿ ಹೇಗಿದೆ, ಬೆನ್ನ ಮೇಲೆ ಚೀಲ ಹೊತ್ತು ನಡೆಯುವ ಆಸೆ ಇದೆಯಾ ಅಥವಾ ಹೊಳೆ ದಂಡೆಯಲ್ಲಿ ಸುಮ್ನೆ ಕೂರಬೇಕಾ, ಕೈಯಲ್ಲಿ ಎಷ್ಟು ದುಡ್ಡಿದೆ. ಮುಂದೆ ಹೇಳುವ ಖರ್ಚುಗಳು ವಿಮಾನದ ಟಿಕೆಟ್ ಬಿಟ್ಟು, ಅಂದಾಜಿನವು. ಸೀಸನ್ ನೋಡಿ ಏರಿಳಿಯುತ್ತವೆ.

ತೀರ್ಥನ್: ಅಮ್ಮನನ್ನು ಕರೆದೊಯ್ದ ಕಣಿವೆ

ಹಿಮಾಚಲದ ಕುಲ್ಲು ಜಿಲ್ಲೆಯಲ್ಲಿದೆ. ಮನಾಲಿಗೆ ಹೋಗುವ ಹೆದ್ದಾರಿಯಲ್ಲಿ ಔಟ್ ಎಂಬಲ್ಲಿ ಒಂದು ಸುರಂಗವಿದೆ. ಎಲ್ಲರೂ ಅದರೊಳಗೆ ನುಗ್ಗಿ ಮನಾಲಿಗೆ ಹೋದರೆ, ನೀವು ಸುರಂಗಕ್ಕೆ ಮುಂಚೆಯೇ ಪಕ್ಕಕ್ಕೆ ತಿರುಗಿ ಲಾರ್ಜಿ, ಬಂಜಾರ್ ದಾಟಿ ಗುಶೈನಿ ಸೇರುತ್ತೀರಿ. ದೆಹಲಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಔಟ್‌ನಲ್ಲಿ ಇಳಿಯಬಹುದು. ಚಂಡೀಗಢಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಒಂದು ಹಗಲಿನ ದಾರಿ. ಒಟ್ಟು 6 ದಿನ ಇದ್ದರೆ ನೆಮ್ಮದಿಯಾಗಿ ಆಗುತ್ತದೆ.

ಗುಶೈನಿ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಎತ್ತರದ ಭಯ ಇಲ್ಲವೇ ಇಲ್ಲ. ಅಮ್ಮನಿಗೆ ಆಗ 63, ಎರಡೂ ಮಂಡಿ ನೋವು. ಹೊಳೆ ಪಕ್ಕದ ಹೋಂಸ್ಟೇಯಲ್ಲಿ ನಾಲ್ಕು ದಿನ ಉಳಿದೆವು. ಬೆಳಿಗ್ಗೆ ಎದ್ದು ಹೊಳೆಗೆ ಇಳಿಯುವುದು, ಬಂಡೆಯ ಮೇಲೆ ಕೂತು ಚಹಾ ಕುಡಿಯುವುದು, ಮನೆಯವರ ಜೊತೆ ಅಡುಗೆಮನೆಯಲ್ಲಿ ಮಾತು. ಅಮ್ಮನಿಗೆ ಹಿಂದಿ ಬರುವುದಿಲ್ಲ, ಆ ಮನೆಯ ಅಜ್ಜಿಗೆ ಕನ್ನಡ ಬರುವುದಿಲ್ಲ. ಇಬ್ಬರೂ ಸೇರಿ ಸಿಡ್ಡು ಮಾಡಿದರು. ಅದು ಒಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸುವ ಗೋಧಿಯ ತಿಂಡಿ, ಮೇಲೆ ಧಾರಾಳ ತುಪ್ಪ. ಕಡುಬು ಬಲ್ಲವರಿಗೆ ಕೈ ಬೇಗ ಕೂರುತ್ತದೆ.

ನಡೆಯುವವರಿಗೂ ಇಲ್ಲಿ ಕೆಲಸವಿದೆ. ಈ ಕಣಿವೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಬಾಗಿಲು. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಾಡು ಇದು. ಸ್ಥಳೀಯರು ಜುಜುರಾಣಾ ಎಂದು ಕರೆಯುವ, ತೀರಾ ಅಪರೂಪದ ಟ್ರಾಗೋಪಾನ್ ಹಕ್ಕಿ ಇಲ್ಲಿದೆ. ಉದ್ಯಾನದೊಳಗೆ ಹೋಗಲು ಪರವಾನಗಿ ಬೇಕು, ಊರಿನ ಗೈಡ್ ಜೊತೆಗಿದ್ದರೆ ಒಳ್ಳೆಯದು. ಅಷ್ಟು ಬೇಡ ಅನ್ನುವವರು ಜಲೋರಿ ಪಾಸ್‌ಗೆ, ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿಗೆ ಹೋಗಿ. 3,120 ಮೀಟರ್ ಎತ್ತರದವರೆಗೆ ರಸ್ತೆಯೇ ಇದೆ. ಅಲ್ಲಿಂದ ಓಕ್ ಮರಗಳ ಕಾಡಿನಲ್ಲಿ 5 ಕಿಲೋಮೀಟರ್ ನಡೆದರೆ ಸೆರೋಲ್ಸರ್ ಕೆರೆ. ದಂಡೆಯಲ್ಲಿ ಬೂಢಿ ನಾಗಿನ್ ಗುಡಿ, ಅಲ್ಲಿ ಜನ ತುಪ್ಪ ಅರ್ಪಿಸುತ್ತಾರೆ. ಅಮ್ಮ ದಾರಿಯ ಕಾಲು ಭಾಗ ನಡೆದು ಒಂದು ಮರದ ಕೆಳಗೆ ಕೂತರು, ನಾನು ಹೋಗಿ ಬಂದೆ. ಮೀನು ಹಿಡಿಯುವ ಹುಚ್ಚಿರುವವರಿಗೆ ಹೊಳೆಯಲ್ಲಿ ಟ್ರೌಟ್ ಇದೆ. ಲೈಸೆನ್ಸ್ ಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಹಿಡಿಯುವಂತಿಲ್ಲ, ಅದು ಮೀನು ಮೊಟ್ಟೆಯಿಡುವ ಕಾಲ.

ಊಟ ಸೇರಿ ಒಬ್ಬರಿಗೆ ದಿನಕ್ಕೆ 1,500ರಿಂದ 2,500 ರೂಪಾಯಿ ಇಟ್ಟುಕೊಂಡರೆ ಒಳ್ಳೆಯ ಹೋಂಸ್ಟೇ ಸಿಗುತ್ತದೆ. ಆದರೆ ಎದುರಿಗೇ ಹಿಮದ ಶಿಖರ ಕಾಣಬೇಕು ಎಂಬ ಆಸೆ ಇಟ್ಟುಕೊಂಡು ಬರಬೇಡಿ. ಕಣಿವೆ ಕಿರಿದು, ಎರಡು ಕಡೆಯೂ ಹಸಿರು ಗೋಡೆ. ಮಲೆನಾಡಿನವರಿಗೆ ಮೊದಲ ದಿನ "ಇದು ನಮ್ಮೂರ ಹಾಗೇ ಇದೆಯಲ್ಲ" ಅನ್ನಿಸಿದರೂ ಅನ್ನಿಸಬಹುದು. ಪಕ್ಕದ ಜೀಭಿಯಲ್ಲಿ ವಾರಾಂತ್ಯಕ್ಕೆ ಜನಜಂಗುಳಿ, ಗುಶೈನಿ ಕಡೆಯೇ ಇರಿ. ಜುಲೈ-ಆಗಸ್ಟ್‌ನಲ್ಲಂತೂ ಬೇಡ. ಮಂಡಿ ಎಂಬ ಊರಿನಿಂದ ಔಟ್‌ವರೆಗಿನ ರಸ್ತೆ ಮಳೆಗಾಲದಲ್ಲಿ ಮೇಲಿಂದ ಮೇಲೆ ಕುಸಿಯುತ್ತದೆ.

ದಸರಾ ರಜೆಗೆ ಹೋಗುವವರಿಗೆ ಒಂದು ಮಾತು. ಮೈಸೂರಿನಲ್ಲಿ ಜಂಬೂ ಸವಾರಿ ಮುಗಿಯುವ ವಿಜಯದಶಮಿಯ ದಿನವೇ ಕುಲ್ಲುವಿನಲ್ಲಿ ದಸರಾ ಶುರುವಾಗುತ್ತದೆ, ಒಂದು ವಾರ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ದೇವರುಗಳೆಲ್ಲ ಪಲ್ಲಕ್ಕಿಯಲ್ಲಿ ಮೈದಾನಕ್ಕೆ ಬರುತ್ತವೆ. ನೋಡಲೇಬೇಕಾದ ಹಬ್ಬ. ಆದರೆ ಆ ವಾರ ರೂಮು ಮೊದಲೇ ಹಿಡಿದಿರಬೇಕು.

ಹೂವಿನ ಕಣಿವೆ: ಏಳು ವಾರದ ಕಣಿವೆ

ಉತ್ತರಾಖಂಡದ ಚಮೋಲಿ ಜಿಲ್ಲೆ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಇಳಿಯುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈಥ್ ಮತ್ತು ಜೊತೆಗಾರರು ಈ ಕಣಿವೆಗೆ ಬಂದರು. ಅಲ್ಲಿಂದ ಹೊರಗಿನ ಲೋಕಕ್ಕೆ ಇದರ ಹೆಸರು ಹಬ್ಬಿತು. 1939ರಲ್ಲಿ ಗಿಡಗಳ ಅಧ್ಯಯನಕ್ಕೆ ಬಂದ ಜೋನ್ ಮಾರ್ಗರೆಟ್ ಲೆಗ್ ಇಲ್ಲೇ ಬಂಡೆಯಿಂದ ಜಾರಿ ತೀರಿಕೊಂಡರು. ಅವರ ಸಮಾಧಿ ಕಣಿವೆಯೊಳಗೇ ಇದೆ, ಅಲ್ಲಿವರೆಗೆ ನಡೆದು ಹೋಗಬಹುದು.

ಉದ್ಯಾನ ತೆರೆದಿರುವುದು ಜೂನ್ 1ರಿಂದ ಅಕ್ಟೋಬರ್ 31ರವರೆಗೆ. ಹಾಗಂತ ಜೂನ್‌ನಲ್ಲಿ ಹೋದರೆ ಹಿಮವೇ ಜಾಸ್ತಿ, ಹೂ ಕಡಿಮೆ. ಸೆಪ್ಟೆಂಬರ್ ನಡುವಿನ ಹೊತ್ತಿಗೆ ಹೂ ಉದುರಿ ಬೀಜ ಕಟ್ಟುತ್ತಿರುತ್ತದೆ, ಆದರೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಹೂವಿಗಾಗಿಯೇ ಹೋಗುವುದಾದರೆ ಜುಲೈ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ. ಅಂದರೆ ನಡು ಮಳೆಗಾಲ.

ಋಷಿಕೇಶದಿಂದ ಜೋಶಿಮಠ ಸುಮಾರು 250 ಕಿಲೋಮೀಟರ್, ಇಡೀ ದಿನ ಹಿಡಿಯುತ್ತದೆ. ಮಾರನೇ ದಿನ ಗೋವಿಂದಘಾಟ್‌ಗೆ ಹೋಗಿ, ಜೀಪಿನಲ್ಲಿ ಪುಲ್ನಾ ತಲುಪಿ, ಅಲ್ಲಿಂದ ಸುಮಾರು 10 ಕಿಲೋಮೀಟರ್ ಏರಿದರೆ ಘಂಗರಿಯಾ. ಅದು 3,000 ಮೀಟರ್ ಚಿಲ್ಲರೆ. ಕಣಿವೆಯಲ್ಲಿ ರಾತ್ರಿ ತಂಗುವಂತಿಲ್ಲ. ಘಂಗರಿಯಾದಿಂದ ಬೆಳಿಗ್ಗೆ ಹೋಗಿ ಸಂಜೆಯೊಳಗೆ ವಾಪಸ್. ಘಂಗರಿಯಾವರೆಗೆ ಕುದುರೆ ಸಿಗುತ್ತದೆ, ಕಣಿವೆಯೊಳಗೆ ಕುದುರೆ ಬಿಡುವುದಿಲ್ಲ. ಬುಟ್ಟಿಯಲ್ಲಿ ಹೊತ್ತೊಯ್ಯುವವರು ಸಿಗುತ್ತಾರೆ.

ಇಲ್ಲಿ ನಿರಾಸೆಯಾದವರನ್ನು ನಾನು ನೋಡಿದ್ದೇನೆ. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲದ ಹಾಗೆ ಕಣ್ಣು ಹಾಯುವಷ್ಟು ದೂರ ಒಂದೇ ಬಣ್ಣ ಇರುತ್ತದೆ ಅಂದುಕೊಂಡು ಬಂದಿರುತ್ತಾರೆ. ಹಾಗಿಲ್ಲ. ಹಸಿರಿನ ನಡುವೆ ಅಲ್ಲೊಂದು ನೀಲಿ ಗಸಗಸೆ ಹೂ, ಇಲ್ಲೊಂದು ಹೆಡೆ ಎತ್ತಿದ ಹಾವಿನಂಥ ಹೂ, ಬಂಡೆ ಸಂದಿಯಲ್ಲಿ ಇನ್ನೊಂದು. ನಮ್ಮ ಕರ್ಣಕುಂಡಲದ ಬಳಗದ ಗಿಡಗಳು ಎದೆಯೆತ್ತರ ಬೆಳೆದು ಗುಲಾಬಿ ಬಣ್ಣ ಚೆಲ್ಲಿರುತ್ತವೆ. ಬಗ್ಗಿ, ಮಂಡಿಯೂರಿ ನೋಡಬೇಕು. ತಂಗಿ ಸಸ್ಯಶಾಸ್ತ್ರ ಓದಿದವಳು. ಅವಳ ಜೊತೆ ಎರಡು ಕಿಲೋಮೀಟರ್ ನಡೆಯಲು ಮೂರು ಗಂಟೆ ಬೇಕಾಯಿತು, ಅದೇ ಆ ಪ್ರವಾಸದ ಅತ್ಯುತ್ತಮ ಮೂರು ಗಂಟೆ.

ಮಾರನೇ ದಿನ ಹೇಮಕುಂಡ ಸಾಹಿಬ್‌ಗೆ ಹತ್ತಬಹುದು. 6 ಕಿಲೋಮೀಟರ್, ಕಡಿದಾದ ಏರು, 4,300 ಮೀಟರ್‌ಗೂ ಮೇಲೆ. ಕೆರೆ, ಗುರುದ್ವಾರ, ಬಿಸಿ ಖಿಚಡಿ. ದಾರಿಯ ಕೊನೆಯಲ್ಲಿ ಬ್ರಹ್ಮಕಮಲ ಸಿಗುತ್ತದೆ. ನಮ್ಮೂರಲ್ಲಿ ರಾತ್ರಿ ಅರಳಿದಾಗ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತೇವಲ್ಲ, ಆ ಬ್ರಹ್ಮಕಮಲ ಅಲ್ಲ ಇದು. ಅದು ಅಮೆರಿಕ ಖಂಡದಿಂದ ಬಂದ ಕಳ್ಳಿಯ ಜಾತಿ. ಇದು ಕಲ್ಲುಗಳ ನಡುವೆ ತೆಳು ಹಳದಿ ಹಾಳೆಗಳಲ್ಲಿ ಮುಚ್ಚಿಕೊಂಡು ಕೂತಿರುವ, ಉತ್ತರಾಖಂಡದ ರಾಜ್ಯ ಪುಷ್ಪ. ನೋಡಿದಾಗ ನನಗೆ ಕಣ್ಣು ತುಂಬಿ ಬಂತು. ಕೀಳಬೇಡಿ.

ಖರ್ಚಿನಲ್ಲಿ ಇದು ಹಗುರ. ಬಸ್ಸು, ಹಂಚಿಕೊಂಡ ಜೀಪು, ಸಾಧಾರಣ ಲಾಡ್ಜು ಅಂದರೆ ಋಷಿಕೇಶದಿಂದ ಮತ್ತೆ ಋಷಿಕೇಶಕ್ಕೆ ಒಬ್ಬರಿಗೆ 10-12 ಸಾವಿರದಲ್ಲಿ ಮುಗಿಯುತ್ತದೆ. ಗೋವಿಂದಘಾಟ್, ಘಂಗರಿಯಾ ಎರಡೂ ಕಡೆ ಗುರುದ್ವಾರದಲ್ಲಿ ಊಟ, ವಸತಿ ಇದೆ. ಆದರೆ ದಾರಿಯ ಲೆಕ್ಕ ಬೇರೆ. ನಾವು ವಾಪಸ್ ಬರುವಾಗ ಬೆಟ್ಟ ಜರಿದು ಪೀಪಲ್‌ಕೋಟಿಯಲ್ಲಿ ಒಂದೂವರೆ ದಿನ ನಿಂತೆವು. ನಮ್ಮ ಲಾಡ್ಜಿನಲ್ಲೇ ಇದ್ದ ದಾವಣಗೆರೆಯ ದಂಪತಿಗೆ ಮಾರನೇ ದಿನವೇ ವಿಮಾನ. ಟಿಕೆಟ್ ಹೋಯಿತು, ಕೊನೇ ಗಳಿಗೆಯ ಟಿಕೆಟ್‌ಗೆ ಮೂರು ಪಟ್ಟು ಕೊಟ್ಟರು. ಈ ಕಣಿವೆಗೆ ನಾನು ಒಂದಲ್ಲ, ಎರಡು ಖಾಲಿ ದಿನ ಹೇಳುತ್ತೇನೆ. ಒಟ್ಟು 9 ದಿನ.

ಹರ್ ಕಿ ದೂನ್: ನಡೆಯಬೇಕು ಅನ್ನುವವರಿಗೆ

ಜೀವನದಲ್ಲಿ ಮೊದಲ ಹಿಮಾಲಯ ಚಾರಣ ಯಾವುದಿರಲಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ. ಇದೂ ಉತ್ತರಾಖಂಡದಲ್ಲೇ ಇದೆ. ಡೆಹ್ರಾಡೂನ್‌ವರೆಗೆ ವಿಮಾನ. ಮಾರನೇ ದಿನ ಬೆಳಗಿನ ಜಾವ ಹೊರಟರೆ ಮಸ್ಸೂರಿ, ಪುರೋಲಾ, ಮೋರಿ ದಾಟಿ ಸಂಜೆಗೆ ಸಾಂಕ್ರಿ. ಅಲ್ಲಿಂದ ತಾಲುಕಾ ಎಂಬ ಹಳ್ಳಿವರೆಗೆ 11 ಕಿಲೋಮೀಟರ್ ಜೀಪು, ಮುಂದೆ ಕಾಲು. ಕಣಿವೆ ಇರುವುದು ಸುಮಾರು 3,500 ಮೀಟರ್‌ನಲ್ಲಿ. ಏರು ನಿಧಾನ, ಹೊಳೆ ಜೊತೆಯಲ್ಲೇ ಇರುತ್ತದೆ, ದೇಹಕ್ಕೆ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ದಿನಕ್ಕೆ 10ರಿಂದ 14 ಕಿಲೋಮೀಟರ್. ಕುಕ್ಕೆಯಿಂದ ಕುಮಾರ ಪರ್ವತವನ್ನು ಎರಡು ದಿನದಲ್ಲಿ ಹತ್ತಿ ಇಳಿದು, ಮೂರನೇ ದಿನ ಮೆಟ್ಟಿಲು ಇಳಿಯಲು ಆಗುತ್ತದೆ ಅನ್ನುವವರಿಗೆ ಇದು ಖಂಡಿತ ಆಗುತ್ತದೆ. ಕುಮಾರ ಪರ್ವತದ ಏರು ಇದಕ್ಕಿಂತ ಕಡಿದು.

ಇದರ ವಿಶೇಷ ಹಳ್ಳಿಗಳು. ಗಂಗಾಡ್, ಓಸ್ಲಾ. ದೇವದಾರು ಮರದ ಮನೆಗಳು, ಕಲ್ಲಿನ ಚಪ್ಪಡಿಯ ಸೂರು, ಕೆಳಗೆ ದನಕರು, ಮೇಲೆ ಜನ. ನಾವು ಹೋದದ್ದು ಅಕ್ಟೋಬರ್ ಮೊದಲ ವಾರ. ಹೊಲಗಳೆಲ್ಲ ಕೆಂಪು. ಹತ್ತಿರ ಹೋಗಿ ನೋಡಿದರೆ ನಮ್ಮ ದಂಟಿನ ಬಳಗದ್ದೇ ಬೆಳೆ, ಕಾಳಿಗಾಗಿ ಬೆಳೆಸಿದ್ದು. ಹೆಂಗಸರು ತೆನೆ ಕೊಯ್ದು ಸೂರಿನ ಮೇಲೆ ಒಣಗಿಸುತ್ತಿದ್ದರು. "ಎಲ್ಲಿಂದ ಬಂದ್ರಿ?" ಅಂತ ಹಿಂದಿಯಲ್ಲಿ ಕೇಳಿದ ಒಬ್ಬ ಅಜ್ಜನಿಗೆ ಕರ್ನಾಟಕ ಅಂದೆವು. ಸಮುದ್ರ ಎಷ್ಟು ದೂರ ಅಂತ ಕೇಳಿದರು. ಅವರು ಸಮುದ್ರ ನೋಡಿರಲಿಲ್ಲ.

ಕಣಿವೆಯ ತಲೆಯಲ್ಲಿ ಸ್ವರ್ಗಾರೋಹಿಣಿ ಶಿಖರ ನಿಂತಿದೆ, 6,252 ಮೀಟರ್. ಪಾಂಡವರು ಈ ದಾರಿಯಲ್ಲೇ ಸ್ವರ್ಗಕ್ಕೆ ನಡೆದರು ಅಂತ ಇಲ್ಲಿನವರ ನಂಬಿಕೆ. ಒಬ್ಬೊಬ್ಬರೇ ಬಿದ್ದು, ಕೊನೆಗೆ ಧರ್ಮರಾಯ ಮತ್ತು ನಾಯಿ ಮಾತ್ರ ಉಳಿದ ಕಥೆಯನ್ನು ಕೇಳಿ ಬೆಳೆದ ನಮಗೆ ಆ ದಾರಿಯಲ್ಲಿ ಮಾತು ತಾನಾಗಿಯೇ ಕಡಿಮೆಯಾಯಿತು. ಓಸ್ಲಾದಿಂದ ಒಂದು ನಾಯಿಯೂ ನಮ್ಮ ಜೊತೆ ಬಂದಿತ್ತು.

ಏಪ್ರಿಲ್ ನಡುವಿನಿಂದ ಜೂನ್‌ವರೆಗೆ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರಗಳವರೆಗೆ ಒಳ್ಳೆಯ ಕಾಲ. ಅಂದರೆ ನಮ್ಮ ಎರಡೂ ರಜೆಗಳಿಗೆ ಹೊಂದುತ್ತದೆ. ಅಕ್ಟೋಬರ್ ರಾತ್ರಿಗಳಲ್ಲಿ ಮೇಲಿನ ಕ್ಯಾಂಪಿನಲ್ಲಿ ನೀರು ಹೆಪ್ಪುಗಟ್ಟುತ್ತದೆ, ಬಟ್ಟೆಯಲ್ಲಿ ಜಿಪುಣತನ ಬೇಡ. ಚಾರಣ ತಂಡಗಳ ಜೊತೆ ಹೋದರೆ 10ರಿಂದ 15 ಸಾವಿರ. ಸಾಂಕ್ರಿಯಲ್ಲೇ ಗೈಡ್ ಹಿಡಿದು ಹಳ್ಳಿ ಮನೆಗಳಲ್ಲಿ ಉಳಿದರೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ದುಡ್ಡು ಓಸ್ಲಾದ ಮನೆಗೆ ಸೇರುತ್ತದೆ, ಊಟಕ್ಕೆ ಆ ಮನೆಯದೇ ಕೆಂಪಕ್ಕಿ ಅನ್ನ, ರಾಜ್ಮಾ ಸಿಗುತ್ತದೆ. ಇನ್ನೊಮ್ಮೆ ಹೋದರೆ ನಾನು ಹಾಗೇ ಹೋಗುತ್ತೇನೆ. ಅರಣ್ಯ ಇಲಾಖೆಯ ಪರವಾನಗಿ ನೈಟ್ವಾರ್ ಚೆಕ್‌ಪೋಸ್ಟ್‌ನಲ್ಲಿ ಆಗುತ್ತದೆ, ಗುರುತಿನ ಚೀಟಿ ಇಟ್ಟುಕೊಳ್ಳಿ.

ಕೊರತೆ ಎಂದರೆ ದೂರ. ತಾಲುಕಾ ಬಿಟ್ಟ ಮೇಲೆ ಫೋನ್ ಸಿಗುವುದಿಲ್ಲ ಅಂತಲೇ ಲೆಕ್ಕ ಹಾಕಿ. ಕಾಲು ಉಳುಕಿದರೆ ಹೇಸರಗತ್ತೆಯ ಮೇಲೆ ಒಂದು ದಿನ ಇಳಿಯಬೇಕು. ಅರ್ಧ ದಾರಿಯಲ್ಲಿ ಬೇಡ ಅನ್ನಿಸಿದರೂ ನಡೆದೇ ಬರಬೇಕು. ಮನೆಯಲ್ಲಿ ಒಬ್ಬರಿಗೆ ಮಾತ್ರ ಹುಮ್ಮಸ್ಸು, ಉಳಿದವರು ಒತ್ತಾಯಕ್ಕೆ ಬರುತ್ತಿದ್ದಾರೆ ಎಂದಾದರೆ ಇಲ್ಲಿಗೆ ಕರೆತರಬೇಡಿ. ಒಟ್ಟು 10 ದಿನ ಬೇಕು, ಖಾಲಿ ದಿನ ಸೇರಿ.

ಸ್ಪಿತಿ: ದುಡ್ಡಿಗಿಂತ ಸಮಯ ಕೇಳುವ ಕಣಿವೆ

ಎಲ್ಲರ ಫೋನಿನಲ್ಲೂ ಇರುವ ಫೋಟೋ ಹಿಮಾಚಲದ ಇದೇ ಕಣಿವೆಯದು. ಬೋಳು ಬೆಟ್ಟದ ತುದಿಯಲ್ಲಿ ಬಿಳಿ ಡಬ್ಬಿಗಳನ್ನು ಪೇರಿಸಿದಂತೆ ಕಾಣುವ ಕೀ ಗೊಂಪಾ, ಅಂದರೆ ಬೌದ್ಧ ಮಠ. ನಿಜಕ್ಕೂ ಹಾಗೇ ಇದೆ. ಆದರೆ ತಪ್ಪು ಯೋಜನೆಗೆ ಅತಿ ದುಬಾರಿ ದಂಡ ಬೀಳುವುದೂ ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಎರಡು ದಾರಿ. ಒಂದು ಮನಾಲಿಯಿಂದ: 2020ರಲ್ಲಿ ತೆರೆದ ಅಟಲ್ ಸುರಂಗ ದಾಟಿ, ಗ್ರಾಂಫೂ, ಬಾತಲ್, 4,551 ಮೀಟರ್‌ನ ಕುಂಜುಮ್ ಕಣಿವೆದಾರಿ ಹತ್ತಿ ಇಳಿದರೆ ಒಂದೇ ದಿನದಲ್ಲಿ ಕಾಜಾ. ಇನ್ನೊಂದು ಶಿಮ್ಲಾದಿಂದ: ಕಿನ್ನೌರಿನ ಕಲ್ಪಾ, ನಾಕೋ, ತಾಬೋ, ಆಮೇಲೆ ಕಾಜಾ, ಮೂರ್ನಾಲ್ಕು ದಿನ. ನಕ್ಷೆ ನೋಡಿದವರಿಗೆ ಮನಾಲಿಯದೇ ಜಾಣತನ ಅನ್ನಿಸುತ್ತದೆ.

ನಮಗೂ ಹಾಗೇ ಅನ್ನಿಸಿತ್ತು. ಪ್ಲಾನ್ ಮಾಡಿಕೊಟ್ಟವರು ಮೊದಲ ರಾತ್ರಿಯೇ ಚಂದ್ರತಾಲ್ ಕೆರೆಯ ಹತ್ತಿರದ ಟೆಂಟಿನಲ್ಲಿ ಮಲಗಿಸಿದರು. ಹಿಂದಿನ ರಾತ್ರಿ ಮನಾಲಿಯಲ್ಲಿ ಸುಮಾರು 2,000 ಮೀಟರ್, ಈ ರಾತ್ರಿ 4,200 ದಾಟಿ. ಸಂಜೆ ಕೆರೆ ನೋಡಿ ಕುಣಿದಾಡಿದ ಗೆಳೆಯ ರಾತ್ರಿ ಹತ್ತಕ್ಕೆ ತಲೆ ಹಿಡಿದುಕೊಂಡು ಕೂತ. ಹನ್ನೆರಡಕ್ಕೆ ವಾಂತಿ. ಎರಡು ಗಂಟೆಗೆ ಕುಡಿದ ನೀರೂ ಉಳಿಯಲಿಲ್ಲ. "ಬೆಳಗಾಗಲಿ ಅಂತ ಕಾಯೋದು ಬೇಡ, ಇಳಿಸೋಣ" ಅಂದವರು ನಮ್ಮ ಕಾರು ಚಾಲಕರು. ಆ ಕತ್ತಲಲ್ಲಿ, ಆ ಕಲ್ಲು ರಸ್ತೆಯಲ್ಲಿ ಅವರು ನಮ್ಮನ್ನು ಗ್ರಾಂಫೂ ಕಡೆಗೆ ಇಳಿಸಿಕೊಂಡು ಬಂದರು. ಕೆಳಗೆ ಬರುತ್ತಿದ್ದ ಹಾಗೆ ಗೆಳೆಯ ಚೇತರಿಸಿಕೊಂಡ. ಪ್ರವಾಸ ಅಲ್ಲಿಗೇ ಮುಗಿಯಿತು. ಮರುವರ್ಷ ಅದೇ ನಾಲ್ವರು ಶಿಮ್ಲಾ ದಾರಿಯಲ್ಲಿ ಹೋದೆವು, ಒಬ್ಬರಿಗೂ ಏನೂ ಆಗಲಿಲ್ಲ.

ಹಾಗಾಗಿ ಸ್ಪಿತಿಗೆ ಶಿಮ್ಲಾದಿಂದ ಹೋಗಿ, ಬೇಕಾದರೆ ಮನಾಲಿಯಿಂದ ಇಳಿಯಿರಿ. ಚಂದ್ರತಾಲ್ ಕೊನೆಯ ರಾತ್ರಿಗಿರಲಿ. ಆಗ ದೇಹ ಒಗ್ಗಿರುತ್ತದೆ, ಕೆರೆಯನ್ನು ನೆಮ್ಮದಿಯಿಂದ ನೋಡಬಹುದು. ತಲೆನೋವು, ವಾಂತಿ ಬಂದರೆ ಇನ್ನೂ ಮೇಲೆ ಹೋಗಬೇಡಿ. ಜಾಸ್ತಿಯಾದರೆ ಇಳಿಯುವುದೇ ಔಷಧ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ವಿಷಯವನ್ನು ನಿಮ್ಮ ವೈದ್ಯರನ್ನೇ ಕೇಳಿ, ಪಕ್ಕದ ಸೀಟಿನವರನ್ನಲ್ಲ. ಬಿಪಿ, ಹೃದಯದ ತೊಂದರೆ ಇರುವವರು ಕೇಳದೆ ಹೊರಡಲೇಬಾರದು.

ಇಲ್ಲಿ ನಡಿಗೆ ಕಡಿಮೆ, ಕಾರಿನಲ್ಲಿ ಕೂರುವುದು ಜಾಸ್ತಿ. ನಡೆಯುವ ಆಸೆ ಇರುವವರು ಲಾಂಗ್ಜಾ, ಹಿಕ್ಕಿಮ್, ಕೋಮಿಕ್ ಹಳ್ಳಿಗಳ ನಡುವೆ ನಡೆಯಬಹುದು, ಧನ್‌ಕರ್ ಗೊಂಪಾದಿಂದ ಮೇಲಿನ ಕೆರೆಗೆ ಹತ್ತಬಹುದು. ಎಲ್ಲವೂ 4,000 ಮೀಟರ್ ಮೇಲೆ, ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸುತ್ತದೆ. ಹಿಕ್ಕಿಮ್‌ನ ಅಂಚೆ ಕಚೇರಿಯಿಂದ ಮನೆಗೆ ಒಂದು ಕಾರ್ಡ್ ಹಾಕಿ. ಲಾಂಗ್ಜಾದ ಮಣ್ಣಿನಲ್ಲಿ ಸುರುಳಿ ಸುರುಳಿಯ ಕಲ್ಲುಗಳು ಸಿಗುತ್ತವೆ, ಕೋಟ್ಯಂತರ ವರ್ಷದ ಹಿಂದಿನ ಸಮುದ್ರದ ಜೀವಿಗಳ ಪಳೆಯುಳಿಕೆ. ನಮ್ಮ ದೇವರ ಮನೆಯ ಸಾಲಿಗ್ರಾಮವೂ ಇದೇ ಜಾತಿಯದು. ಮಕ್ಕಳು ಮಾರಲು ಬರುತ್ತಾರೆ, ಕೊಳ್ಳಬೇಡಿ. ಕೊಂಡಷ್ಟೂ ಅಗೆಯುವುದು ಹೆಚ್ಚಾಗುತ್ತದೆ.

ತಾಬೋದಲ್ಲಿ ಅವಸರ ಬೇಡ. ಅಲ್ಲಿನ ಮಣ್ಣಿನ ಗೋಡೆಯ ಬೌದ್ಧ ವಿಹಾರ ಕಟ್ಟಿದ್ದು 996ರಲ್ಲಿ. ಶ್ರವಣಬೆಳಗೊಳದಲ್ಲಿ ಗೊಮ್ಮಟ ಎದ್ದು ನಿಂತ ಕಾಲವೂ ಸುಮಾರು ಅದೇ. ಒಳಗೆ ಕತ್ತಲು, ಫೋಟೋ ತೆಗೆಯುವಂತಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ತುಂಬ ಬಣ್ಣದ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಅರ್ಧ ಗಂಟೆ ಸುಮ್ನೆ ಕೂರಿ.

ಇದು ಮಳೆ ಬೀಳದ ಒಣ ನಾಡು. ಜುಲೈನಲ್ಲೂ ಕಣಿವೆಯೊಳಗೆ ಬಿಸಿಲಿರುತ್ತದೆ, ಆದರೆ ಅಲ್ಲಿಗೆ ತಲುಪುವ ರಸ್ತೆಗಳು ಮಳೆನಾಡಿನ ಮೂಲಕವೇ ಹೋಗುತ್ತವೆ. ಸೆಪ್ಟೆಂಬರ್ ಅತ್ಯುತ್ತಮ. ನೀರು ಇಲ್ಲಿ ಚಿನ್ನ. ಹೋಂಸ್ಟೇಯಲ್ಲಿ ದಿನಾ ಬಿಸಿನೀರಿನ ಸ್ನಾನ ಕೇಳಬೇಡಿ. ಊಟಕ್ಕೆ ಅನ್ನ, ಬೇಳೆ, ನೂಡಲ್ಸ್ ಸೂಪಿನಂಥ ಥುಕ್ಪಾ ಸಿಗುತ್ತದೆ, ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಖರ್ಚಿನ ದೊಡ್ಡ ಪಾಲು ಕಾರಿನದು. 8-9 ದಿನಕ್ಕೆ 45ರಿಂದ 60 ಸಾವಿರ ಆಗಬಹುದು. ನಾಲ್ವರು ಹಂಚಿಕೊಂಡರೆ ಆದೀತು, ಇಬ್ಬರಿಗೆ ಭಾರ. ಒಬ್ಬರೇ ಹೋಗುವವರಿಗೆ ಸರ್ಕಾರಿ ಬಸ್ಸಿದೆ. ನಿಧಾನ, ಆದರೆ ಆ ನಿಧಾನವೇ ದೇಹಕ್ಕೆ ಒಳ್ಳೆಯದು. ಒಟ್ಟು 11-12 ದಿನ. ಏಳು ದಿನದಲ್ಲಿ ಸ್ಪಿತಿ ತೋರಿಸುತ್ತೇವೆ ಅನ್ನುವ ಜಾಹೀರಾತು ಕಂಡರೆ, ಮೊದಲೆರಡು ರಾತ್ರಿ ಎಲ್ಲಿ ಮಲಗಿಸುತ್ತಾರೆ ಅಂತ ನೋಡಿ.

ಹಾಗಾದರೆ ಯಾರಿಗೆ ಯಾವುದು?

ಅಪ್ಪ-ಅಮ್ಮ ಅಥವಾ ಚಿಕ್ಕ ಮಕ್ಕಳು ಜೊತೆಗಿದ್ದು, ಕೈಯಲ್ಲಿ ಒಂದು ವಾರ ಮಾತ್ರ ಇದ್ದರೆ ಮರುಯೋಚನೆ ಬೇಡ, ತೀರ್ಥನ್. ಮೇ ತಿಂಗಳಿಗೂ ಸರಿ, ಅಕ್ಟೋಬರ್‌ಗೂ ಸರಿ. ಅದೇ ಮೇ ತಿಂಗಳಲ್ಲಿ ಪಿಯುಸಿ ಮುಗಿಸಿದ ಮಕ್ಕಳು, ಮನೆಯವರೆಲ್ಲ ನಡೆಯುವವರು, ಹತ್ತು ದಿನ ಇದೆ ಅಂದರೆ ಹರ್ ಕಿ ದೂನ್. ಮಕ್ಕಳು ದೊಡ್ಡವರಾಗಿ ಕೆಲಸಕ್ಕೆ ಹೋದ ಮೇಲೆ ಇಂಥ ಹತ್ತು ದಿನ ಸುಲಭಕ್ಕೆ ಸಿಗುವುದಿಲ್ಲ.

ಹೂ, ಗಿಡ, ಹಕ್ಕಿ ಅಂದರೆ ಊಟ ಬಿಡುವವರು, ಮಳೆಯಲ್ಲಿ ನೆನೆದರೂ ಮುಖ ಗಂಟಿಕ್ಕದವರು ಹೂವಿನ ಕಣಿವೆಗೆ ಹೋಗಿ. ದುಡ್ಡು ಕಡಿಮೆ ಇದ್ದು ರಜೆ ಹಿಗ್ಗಿಸಲು ಆಗುವ ವಿದ್ಯಾರ್ಥಿಗಳಿಗೂ ಅದೇ ಸರಿ. ರಜೆ ಬಿಗಿ ಇರುವ ಐಟಿಯವರಿಗೆ ಆಗಸ್ಟ್‌ನ ಆ ದಾರಿ ಹೇಳುವುದಿಲ್ಲ. ಸ್ಪಿತಿ ಮಾತ್ರ ಪೂರ್ತಿ ಎರಡು ವಾರದ ರಜೆ ಸಿಗುವ ವರ್ಷಕ್ಕೆ ಎತ್ತಿಡಿ. ಅರ್ಧಂಬರ್ಧ ನೋಡಿ ಬರುವುದಕ್ಕಿಂತ ಎರಡು ವರ್ಷ ಕಾಯುವುದು ವಾಸಿ.

ಐದೇ ದಿನ ಇದೆ ಅನ್ನುವವರಿಗೆ ಈ ನಾಲ್ಕರಲ್ಲಿ ಯಾವುದನ್ನೂ ಹೇಳಲಾರೆ. ಆ ಐದು ದಿನ ಕುದುರೆಮುಖದ ಕಡೆ ಕೊಡಿ, ಅಲ್ಲಿನ ಶೋಲಾ ಕಾಡು, ಹುಲ್ಲುಗಾವಲು ಯಾವ ಕಣಿವೆಗೂ ಕಡಿಮೆಯಿಲ್ಲ.

ತಂಡದ ಜೊತೆ ಹೋಗುವವರು ದುಡ್ಡು ಕಟ್ಟುವ ಮುಂಚೆ ಕೆಲವು ಪ್ರಶ್ನೆ ಕೇಳಲೇಬೇಕು. ಎಷ್ಟು ಜನಕ್ಕೆ ಒಬ್ಬ ಗೈಡ್? ಆಮ್ಲಜನಕದ ಸಿಲಿಂಡರ್ ಇರುತ್ತದಾ? ಹವಾಮಾನ ಕೆಟ್ಟರೆ ವಾಪಸ್ ತಿರುಗುವ ನಿರ್ಧಾರ ಯಾರದು? 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ಹಾದಿಯಲ್ಲಿ ನಮ್ಮ ಕರ್ನಾಟಕದಿಂದ ಹೋದ ಚಾರಣಿಗರು ಹಿಮಗಾಳಿಗೆ ಸಿಕ್ಕಿದರು. 9 ಜನ ಮನೆಗೆ ಮರಳಲಿಲ್ಲ. ಆ ಕೆರೆಗಳು ಇರುವುದು ಹರ್ ಕಿ ದೂನ್‌ಗಿಂತ ಬಹಳ ಮೇಲೆ, 4,000 ಮೀಟರ್ ದಾಟಿ. ಆ ಎತ್ತರದಲ್ಲಿ ಬೇಸಿಗೆಯಲ್ಲೂ ಹಿಮ ಬೀಳುತ್ತದೆ. ಜೂನ್ ತಾನೇ ಅಂತ ದಪ್ಪ ಸ್ವೆಟರ್, ಮಳೆಯಂಗಿ ಬಿಟ್ಟು ಹೋಗಬೇಡಿ. ಈ ನಾಲ್ಕರಲ್ಲಿ ಯಾವ ಕಣಿವೆಗಾದರೂ ಸರಿ, ಒಣ ಕಾಲುಚೀಲ ಒಂದು ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಾತ್ರಿಗೆ ಅಂತಲೇ ಎತ್ತಿಡಿ.

ಹೊರಡುವ ಹಿಂದಿನ ದಿನ ಮನೆಯಲ್ಲಿ ಒಂದು ಚೀಟಿ ಬರೆದಿಡಿ. ಯಾವ ರಾತ್ರಿ ಯಾವ ಊರು, ಗೈಡ್ ನಂಬರ್, ಕಾರಿನವರ ನಂಬರ್. ಕೆಳಗೆ ಒಂದು ದಿನಾಂಕ: ಇಂಥ ದಿನದವರೆಗೆ ಫೋನ್ ಬರದಿದ್ದರೆ ಗಾಬರಿ ಬೇಡ, ಆಮೇಲೂ ಬರದಿದ್ದರೆ ಈ ನಂಬರ್‌ಗಳಿಗೆ ಮಾಡಿ. ಆ ದಿನಾಂಕ ಹಾಕುವಾಗ ಖಾಲಿ ದಿನವನ್ನೂ ಸೇರಿಸಿ ಲೆಕ್ಕ ಹಾಕಿ. ನಾನು ಮೊದಲ ಸಲ ಸೇರಿಸಿರಲಿಲ್ಲ. ಪೀಪಲ್‌ಕೋಟಿಯಲ್ಲಿ ನಾವು ಬಿಸಿ ಚಹಾ ಕುಡಿಯುತ್ತಾ ಕೂತಿದ್ದಾಗ, ಅಮ್ಮ ಶಿವಮೊಗ್ಗದಲ್ಲಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.